ಸತ್ಯಾಂಶ: ಕೊಂಬೆ ಮುರಿದರೆ ಹವಳ ಸಾಯುತ್ತದೆಯೇ?

‘ಅಕ್ವೇರಿಯಂನ ಹವಳದಿಂದ ಒಂದು ಕೊಂಬೆ ಕತ್ತರಿಸಿದರೂ ಇಡೀ ಹವಳ ಸತ್ತುಹೋಗುತ್ತದೆ’ ಎಂಬ ಮಾತು ಫಾರ್ವರ್ಡ್ ಆಗುತ್ತಿರುತ್ತದೆ. ಇದು ನಿಜವಲ್ಲ.

ಕಲ್ಲು ಹವಳ ನೋಡೋಕೆ ಗಿಡದ ಹಾಗಿದ್ದರೂ ಅದು ಪ್ರಾಣಿ. ಒಂದಲ್ಲ, ಪಾಲಿಪ್ ಎಂಬ ನೂರಾರು ಪುಟ್ಟ ಜೀವಿಗಳ ಕುಟುಂಬ. ಎಲ್ಲವೂ ಒಂದರ ನಕಲು. ಹಾಗಾಗಿ ತುಂಡಾದರೂ ಎರಡೂ ಕಡೆ ಜೀವ ಉಳಿಯುತ್ತದೆ. ಸಮುದ್ರದಲ್ಲೂ ಬಿರುಗಾಳಿಗೆ ಮುರಿದ ಅಕ್ರೊಪೊರಾ ಎಂಬ ಜಾತಿಯ ಹವಳದ ಕೊಂಬೆಗಳು ಬೇರೆ ಕಡೆ ಅಂಟಿಕೊಂಡು ಬೆಳೆಯುತ್ತವೆ.

ಅಮೆರಿಕ, ಯುರೋಪಿನಲ್ಲಿ ಅಕ್ವೇರಿಯಂನಲ್ಲಿ ಹವಳ ಬೆಳೆಸುವ ಹವ್ಯಾಸಿಗಳು ಮಾಡುವುದೂ ಇದನ್ನೇ. ಚೂಪಾದ ಕಟರ್‌ನಿಂದ ಬೆರಳುದ್ದದ ತುದಿ ಕತ್ತರಿಸುತ್ತಾರೆ. ಕತ್ತರಿಸಿದ ಜಾಗದಲ್ಲಿ ಬೆಳ್ಳಗಿನ ಸುಣ್ಣದ ಅಸ್ಥಿ ಕಾಣುತ್ತದೆ. ಅಲ್ಲಿಗೆ ಜೆಲ್ ಸೂಪರ್‌ಗ್ಲೂ ಹಚ್ಚಿ ಸಣ್ಣ ಬಿಲ್ಲೆಗೆ ಅಂಟಿಸುತ್ತಾರೆ. ಈ ಅಂಟು ನೀರಿನೊಳಗೂ ಗಟ್ಟಿಯಾಗುತ್ತದೆ! ಕೆಲವು ವಾರಗಳಲ್ಲಿ ಬಣ್ಣದ ಚರ್ಮ ಹರಡಿಕೊಂಡು ಆ ಬಿಳಿ ಗಾಯವನ್ನು ಮುಚ್ಚುತ್ತದೆ. ನೋಡೋಕೆ ತುಂಬಾ ಚೆಂದ.

ಹಾಗಂತ ಅಪಾಯವೇ ಇಲ್ಲ ಅಂತಲ್ಲ. ಸೊರಗಿದ ಹವಳವನ್ನು ಕತ್ತರಿಸಿದರೆ, ನೀರಿನ ಕ್ಷಾರ, ಕ್ಯಾಲ್ಸಿಯಂ ಏರುಪೇರಾದರೆ ತುಂಡು ನಿಜಕ್ಕೂ ಸಾಯಬಹುದು. ಫಾರ್ವರ್ಡ್‌ನಲ್ಲಿ ಇರುವ ಸತ್ಯ ಇಷ್ಟೇ.

ಫ್ಲೋರಿಡಾದ ಮೋಟ್ ಮರೀನ್ ಲ್ಯಾಬೊರೇಟರಿಯಲ್ಲಿ ಹವಳವನ್ನು ಇನ್ನೂ ಚಿಕ್ಕ ಚೂರು ಮಾಡಿ ಬೆಳೆಸಿ, ಹಾಳಾದ ಹವಳ ದಿಬ್ಬಗಳ ಮೇಲೆ ನೆಡುತ್ತಾರೆ. ಚೂರು ಚಿಕ್ಕದಾದಷ್ಟೂ ಬೇಗ ಹರಡುವುದನ್ನು ಅವರು ಕಂಡಿದ್ದಾರೆ.

ನಮ್ಮಲ್ಲಿ ಮಾತ್ರ ಒಂದು ವಿಷಯ ನೆನಪಿರಲಿ. ಕಲ್ಲು ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಮುರ್ಡೇಶ್ವರದ ಹತ್ತಿರ ನೇತ್ರಾಣಿಗೆ ಡೈವಿಂಗ್ ಹೋದಾಗ ಸುಮ್ನೆ ನೆನಪಿಗೆ ಅಂತ ಒಂದು ಕೊಂಬೆ ಮುರಿದು ತರುವುದೂ ಅಪರಾಧವೇ.