ಐದು ಇಂಚು ಬಿಸಿನೀರು ಮತ್ತು ಕಡ್ಡಾಯದ ರೀಲು

ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸರಕಾರ ತನ್ನ ಪ್ರಜೆಗಳಿಗೆ ಸ್ನಾನ ಮಾಡುವುದನ್ನು ಕಲಿಸಲು ಒಂದು ಸಿನಿಮಾ ತೆಗೆಸಿತ್ತು. 1942ರ ಆ ಪುಟ್ಟ ಚಿತ್ರದ ಹೆಸರು ‘ದಿ ಫೈವ್ ಇಂಚ್ ಬಾತರ್’. ನೀರು ಕಾಯಿಸಲು ಇಂಧನ ಬೇಕು, ಆ ಇಂಧನ ಯುದ್ಧದ ಕಾರ್ಖಾನೆಗಳಿಗೂ ಬೇಕು, ಆದ್ದರಿಂದ ಟಬ್ಬಿನಲ್ಲಿ ಐದು ಇಂಚಿಗಿಂತ ಹೆಚ್ಚು ಬಿಸಿನೀರು ತುಂಬಬಾರದು ಎನ್ನುವುದು ಅದರ ತಾತ್ಪರ್ಯ. ಇದನ್ನು ಹೇಳಲು ತೆರೆಯ ಮೇಲೆ ಮಂತ್ರಿಯೂ ಬರುವುದಿಲ್ಲ, ಸೇನಾಧಿಕಾರಿಯೂ ಬರುವುದಿಲ್ಲ. ದಪ್ಪ ಮೈಯ ನಡುವಯಸ್ಸಿನ ಗೃಹಸ್ಥನೊಬ್ಬ ಬಂದು, ಅಷ್ಟೇ ನೀರಿನಲ್ಲಿ ಮೈ ತೊಳೆಯುವುದು ಹೇಗೆಂದು ತಾನೇ ಮಾಡಿ ತೋರಿಸುತ್ತಾನೆ. ಆ ಗೃಹಸ್ಥ ರಿಚರ್ಡ್ ಮ್ಯಾಸಿಂಗ್‌ಹ್ಯಾಮ್. ವೈದ್ಯರಾಗಿದ್ದು ಸಿನಿಮಾಕ್ಕೆ ಬಂದ ಇವರು, ತಮ್ಮ ಹಲವು ಚಿತ್ರಗಳಲ್ಲಿ ಪೆದ್ದನ ಪಾತ್ರವನ್ನು ಬೇರೆ ಯಾರಿಗೂ ಕೊಡದೆ ತಾವೇ ಇಟ್ಟುಕೊಂಡವರು.

ಈ ನಿಯಮಕ್ಕೆ ಅರಮನೆಯೂ ಹೊರತಾಗಿರಲಿಲ್ಲ. ಅದೇ ವರ್ಷ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ತಂಗಿದ್ದ ಅಮೆರಿಕದ ಅಧ್ಯಕ್ಷರ ಪತ್ನಿ ಎಲೀನರ್ ರೂಸ್‌ವೆಲ್ಟ್, ಅಲ್ಲಿನ ಟಬ್ಬಿಗೆ ನೀರಿನ ಮಟ್ಟ ತೋರಿಸುವ ಗೆರೆ ಬಳಿದಿರುವುದನ್ನು ಕಂಡಿದ್ದರು. ನಾನು ಇಂಗ್ಲೆಂಡಿನ ಲೀಡ್ಸಿನ ನಮ್ಮ ಮನೆಯಲ್ಲಿ ಈ ಚಿತ್ರವನ್ನು ತಿಪಟೂರಿನಿಂದ ಬಂದಿದ್ದ ಅಮ್ಮನಿಗೆ ತೋರಿಸಿ, ಅರಮನೆಯ ಕಥೆಯನ್ನೂ ಹೇಳಿದೆ. ಅವರು ಕನ್ನಡಕ ಸರಿಮಾಡಿಕೊಂಡು ಕೊನೆಯವರೆಗೂ ನೋಡಿ, “ಇದಕ್ಕೆ ಇಷ್ಟು ದೊಡ್ಡ ರಾಮಾಯಣ ಯಾಕಪ್ಪ? ಒಂದು ಬಕೆಟ್ ನೀರು, ಒಂದು ಚೊಂಬು ಇದ್ದಿದ್ರೆ ಆಗ್ತಿತ್ತಲ್ಲ?” ಎಂದರು. ಆದರೆ ನೋಡುವಷ್ಟು ಹೊತ್ತೂ ಅವರು ನಗುತ್ತಿದ್ದುದನ್ನು ನಾನು ಗಮನಿಸಿದೆ. ಸರಕಾರದ ಸಿನಿಮಾ ನೋಡಿ ಅವರು ನಕ್ಕದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ನಮ್ಮೂರಿನ ಟೆಂಟಿನಲ್ಲಿ ಅಂಥ ನಗುವಿಗೆ ಆಸ್ಪದವೇ ಇರಲಿಲ್ಲ. ರಾಜ್‌ಕುಮಾರ್ ಅವರ ಚಿತ್ರಕ್ಕೆಂದು ಹೋಗಿ ಕುಳಿತರೆ ಮೊದಲು ಕಡ್ಡಾಯವಾಗಿ ಬರುತ್ತಿದ್ದುದು ಭಾರತ ಸರಕಾರದ ಫಿಲ್ಮ್ಸ್ ಡಿವಿಷನ್ನಿನ ರೀಲು. ಅಣೆಕಟ್ಟು, ಪ್ರವಾಹದ ಪ್ರದೇಶಕ್ಕೆ ಮಂತ್ರಿಗಳ ಭೇಟಿ, ಹೊಸ ತಳಿಯ ಗೋಧಿ, ಇವೆಲ್ಲದರ ಮೇಲೆ ಒಂದೇ ಗಂಭೀರ ಗಂಡುಧ್ವನಿ. ಗಂಡಸರು ಬೀಡಿ ಹಚ್ಚಲು ಹೊರಗೆ ಹೋಗುತ್ತಿದ್ದರು, ಕಡಲೆಕಾಯಿ ಮಾರುವವನಿಗೆ ಒಳ್ಳೆಯ ವ್ಯಾಪಾರವಾಗುತ್ತಿತ್ತು. ರೀಲು ಮುಗಿಯಿತೆಂದು ಒಳಗಿದ್ದ ಹುಡುಗರು ಶಿಳ್ಳೆ ಹಾಕಿದಾಗ ಹೊರಗಿದ್ದವರು ಒಳಗೆ ಬರುತ್ತಿದ್ದರು. ಈ ವ್ಯತ್ಯಾಸಕ್ಕೆ ಬ್ರಿಟಿಷರ ಹಾಸ್ಯಪ್ರಜ್ಞೆಯೇ ಕಾರಣವೆಂದು ಇಲ್ಲಿನ ನಮ್ಮ ಕನ್ನಡದ ಗೆಳೆಯರು ಹೇಳುವುದುಂಟು. ನನಗೆ ಹಾಗೆ ಅನ್ನಿಸುವುದಿಲ್ಲ. ನೋಡಿದವರು ಏನೆಂದರು ಎಂದು ಬ್ರಿಟನ್ನಿನಲ್ಲಿ ಕೇಳುತ್ತಿದ್ದರು, ಭಾರತದಲ್ಲಿ ಕೇಳುವ ಅಗತ್ಯವನ್ನೇ ಕಾನೂನು ತೆಗೆದುಹಾಕಿತ್ತು ಎನ್ನುವುದೇ ನಿಜವಾದ ಕಾರಣವೆಂದು ನನ್ನ ಎಣಿಕೆ.

ಬ್ರಿಟಿಷ್ ಸರಕಾರವೇನೂ ಹುಟ್ಟುತ್ತಲೇ ಜಾಣನಾಗಿರಲಿಲ್ಲ. 1939ರ ಸೆಪ್ಟೆಂಬರಿನಲ್ಲಿ ಯುದ್ಧ ಸಾರಿದ ಬೆನ್ನಿಗೇ ಲಂಡನ್ ವಿಶ್ವವಿದ್ಯಾಲಯದ ಸೆನೆಟ್ ಹೌಸ್ ಕಟ್ಟಡದಲ್ಲಿ ಮಾಹಿತಿ ಸಚಿವಾಲಯ ಆರಂಭವಾಯಿತು. ಅದು ಊರೆಲ್ಲ ಅಂಟಿಸಿದ ಮೊದಲ ಭಿತ್ತಿಪತ್ರಗಳಲ್ಲೊಂದರ ಒಕ್ಕಣೆಯನ್ನು ಕನ್ನಡದಲ್ಲಿ ಹೇಳುವುದಾದರೆ, “ನಿಮ್ಮ ಧೈರ್ಯ, ನಿಮ್ಮ ಉಲ್ಲಾಸ, ನಿಮ್ಮ ದೃಢಸಂಕಲ್ಪ ನಮಗೆ ಗೆಲುವು ತಂದುಕೊಡುತ್ತವೆ” ಎಂದಿತ್ತು. ಕಷ್ಟ ‘ನಿಮ್ಮದು’, ಗೆಲುವು ‘ನಮ್ಮದು’ ಎಂದು ಮೇಲಿನವರು ಕೆಳಗಿನವರಿಗೆ ಹೇಳಿದಂತಿದ್ದ ಈ ಮಾತು ಜನರಿಗೆ ಹಿಡಿಸಲಿಲ್ಲ. ಇದರ ಜೊತೆಗೇ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳಲ್ಲಿ ಅಚ್ಚಾದ ಇನ್ನೊಂದು ಭಿತ್ತಿಪತ್ರ ‘ಕೀಪ್ ಕಾಮ್ ಅಂಡ್ ಕ್ಯಾರಿ ಆನ್’, ಅಂದರೆ ಶಾಂತರಾಗಿರಿ, ಕೆಲಸ ಮುಂದುವರಿಸಿ. ಅದನ್ನು ಗೋಡೆಗೆ ಅಂಟಿಸಿದ್ದು ತೀರ ಅಪರೂಪ, ಬಹುಪಾಲು ಪ್ರತಿಗಳು ರದ್ದಿಗೆ ಹೋದವು. 2000ದಲ್ಲಿ ಆನಿಕ್ ಎಂಬ ಊರಿನ ಹಳೆಯ ಪುಸ್ತಕದಂಗಡಿಯೊಂದರಲ್ಲಿ ಒಂದು ಪ್ರತಿ ಸಿಕ್ಕಿದ ಮೇಲೆ ಅದು ಕಪ್ಪು, ಚೀಲ, ಟವೆಲುಗಳ ಮೇಲೆಲ್ಲ ಹರಡಿತು. ನನ್ನ ಕಚೇರಿಯಲ್ಲಿ ಆ ಕಪ್ಪಿನಲ್ಲಿ ಚಹಾ ಕುಡಿಯುವವರು, ತಮ್ಮ ಅಜ್ಜ ಅಜ್ಜಿಯರು ಬಾಂಬಿನ ಮಳೆಯ ನಡುವೆ ಅದನ್ನು ಓದಿಯೇ ಎದೆ ಗಟ್ಟಿಮಾಡಿಕೊಂಡರು ಎಂದು ನಂಬಿದ್ದಾರೆ. ಆ ನಂಬಿಕೆಯನ್ನು ಕದಲಿಸುವ ಸಾಹಸಕ್ಕೆ ನಾನು ಒಮ್ಮೆ ಮಾತ್ರ ಇಳಿದೆ.

‘ನಿಮ್ಮ ಧೈರ್ಯ’ದ ಆ ಭಿತ್ತಿಪತ್ರ ತಪ್ಪೆಂದು ಸಚಿವಾಲಯಕ್ಕೆ ಗೊತ್ತಾದದ್ದು ಹೇಗೆ ಎನ್ನುವುದೇ ಇಲ್ಲಿ ಮುಖ್ಯ. 1937ರಲ್ಲಿ ಹುಟ್ಟಿದ ಮಾಸ್ ಅಬ್ಸರ್ವೇಷನ್ ಎಂಬ ಸಂಸ್ಥೆಯ ಜನ ಬಸ್ಸಿನ ಸಾಲಿನಲ್ಲಿ, ಪಬ್ಬಿನಲ್ಲಿ, ಚಿತ್ರಮಂದಿರದ ಕತ್ತಲಲ್ಲಿ ಕುಳಿತು, ಯಾವ ದೃಶ್ಯಕ್ಕೆ ಜನ ಚಪ್ಪಾಳೆ ತಟ್ಟಿದರು, ಯಾವುದಕ್ಕೆ ಸುಮ್ಮನಾದರು ಎಂದು ಬರೆದುಕೊಳ್ಳುತ್ತಿದ್ದರು. ಯುದ್ಧ ಬಂದಾಗ ಸರಕಾರ ಇವರ ವರದಿಗಳನ್ನು ತರಿಸಿಕೊಂಡಿತಲ್ಲದೆ ತನ್ನದೇ ಒಂದು ಸಮೀಕ್ಷೆಯನ್ನೂ ಹೂಡಿತು. ಮನೆಬಾಗಿಲಿಗೆ ಬಂದು ಪ್ರಶ್ನೆ ಕೇಳುತ್ತಿದ್ದ ಈ ಸಮೀಕ್ಷಕರನ್ನು ಪತ್ರಿಕೆಗಳು ಆಗಿನ ಮಂತ್ರಿ ಡಫ್ ಕೂಪರ್ ಅವರ ಬೇಹುಗಾರರೆಂದು ಗೇಲಿ ಮಾಡಿದವು. 1940ರ ಜುಲೈನಲ್ಲಿ ಗಾಳಿಮಾತು ಆಡುವವರ ಬಾಯಿ ಮುಚ್ಚಿಸಲು ಹೊರಟ ‘ಸೈಲೆಂಟ್ ಕಾಲಮ್’ ಎಂಬ ಅಭಿಯಾನವನ್ನು, ಜನ ಸಿಟ್ಟಾಗಿದ್ದಾರೆಂದು ತಿಳಿದ ಕೂಡಲೇ ಕೈಬಿಡಲಾಯಿತು. ತಾನು ಆಡಿದ ಮಾತನ್ನು ಯುದ್ಧದ ನಡುವೆ ಹಿಂತೆಗೆದುಕೊಂಡ ಸರಕಾರವನ್ನು ನಾನು ಸುಲಭವಾಗಿ ಅಲ್ಲಗಳೆಯಲಾರೆ.

ಹೀಗೆ ಕಿವಿಗೊಡುವ ಅಭ್ಯಾಸ ಸಿನಿಮಾದ ಒಳಕ್ಕೂ ಇಳಿದದ್ದನ್ನು ಹಂಫ್ರಿ ಜೆನ್ನಿಂಗ್ಸ್ ಅವರಲ್ಲಿ ಕಾಣಬಹುದು. ಮಾಸ್ ಅಬ್ಸರ್ವೇಷನ್ ಕಟ್ಟಿದ ಮೂವರಲ್ಲಿ ಅವರೂ ಒಬ್ಬರು. ಅಂಚೆ ಇಲಾಖೆಯ ಚಿತ್ರಘಟಕವಾಗಿದ್ದು 1940ರಲ್ಲಿ ಕ್ರೌನ್ ಫಿಲ್ಮ್ ಯೂನಿಟ್ ಎಂದು ಹೆಸರು ಬದಲಿಸಿಕೊಂಡ ಸಂಸ್ಥೆಗಾಗಿ, ಸಂಕಲನಕಾರ ಸ್ಟುವರ್ಟ್ ಮೆಕಾಲಿಸ್ಟರ್ ಜೊತೆಗೂಡಿ ಅವರು ಮಾಡಿದ ‘ಲಿಸನ್ ಟು ಬ್ರಿಟನ್’ ಸುಮಾರು ಇಪ್ಪತ್ತು ನಿಮಿಷದ ಚಿತ್ರ. ಸಾಗರೋತ್ತರ ಪ್ರೇಕ್ಷಕರಿಗೆಂದು ಆಮೇಲೆ ಸೇರಿಸಿದ ಪೀಠಿಕೆಯೊಂದನ್ನು ಬಿಟ್ಟರೆ ಅದರಲ್ಲಿ ವಿವರಣೆಯ ಧ್ವನಿಯೇ ಇಲ್ಲ. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಕಾರ್ಮಿಕರು ಊಟ ಮಾಡುತ್ತಿರುವಾಗ ಫ್ಲಾನಗನ್ ಮತ್ತು ಆ್ಯಲೆನ್ ಎಂಬ ಜನಪ್ರಿಯ ಜೋಡಿ ವೇದಿಕೆಯಲ್ಲಿ ಹಾಡುತ್ತಿರುತ್ತದೆ, ಕೇಳುವವರು ಸಿಳ್ಳೆಯಲ್ಲೇ ರಾಗ ಕೂಡಿಸುತ್ತಾರೆ. ಆ ಹಾಡಿನ ಕೊನೆಯ ಸ್ವರ ಆರುವ ಮೊದಲೇ ಅದರೊಳಗಿನಿಂದ ಎದ್ದು ಬಂದಂತೆ ಮೊಟ್ಸಾರ್ಟನ ಸಂಗೀತ ಕೇಳಿಸುತ್ತದೆ. ನೋಡಿದರೆ ನಾವು ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದ್ದೇವೆ, ಮೈರಾ ಹೆಸ್ ಪಿಯಾನೊ ನುಡಿಸುತ್ತಿದ್ದಾರೆ, ಕೇಳುಗರ ನಡುವೆ ರಾಣಿ ಕುಳಿತಿದ್ದಾರೆ. ಕೂಲಿಯ ಹಾಡಿಗೂ ರಾಣಿಯ ಸಂಗೀತಕ್ಕೂ ನಡುವೆ ಹೊಲಿಗೆಯೇ ಕಾಣದ ಆ ಕ್ಷಣ ದೊಡ್ಡ ಸುಳ್ಳು ಎಂದು ವಾದಿಸಬಹುದು, ಏಕೆಂದರೆ ಆ ಸಮಾಜದ ಮೇಲು ಕೀಳುಗಳು ಬಾಂಬಿಗೆ ಕರಗಿಹೋಗಿರಲಿಲ್ಲ. ಆದರೂ ನೋಡುವವನನ್ನು ಬುದ್ಧಿವಂತನೆಂದು ಭಾವಿಸಿ ಹೇಳಿದ ಸುಳ್ಳು ಅದು. ಆಗಿನ ವಿಮರ್ಶಕರೊಬ್ಬರು ಇದನ್ನು, ರೋಮ್ ಉರಿಯುತ್ತಿದ್ದಾಗ ನುಡಿಸಿದನೆಂಬ ನೀರೊ ದೊರೆಯ ಪಿಟೀಲಿಗೆ ಹೋಲಿಸಿ ಹಳಿದರು. ಕಾರ್ಖಾನೆಗಳಲ್ಲಿ ತೋರಿಸಿದಾಗ ಕಾರ್ಮಿಕರು ಮೆಚ್ಚಿದರು.

ಈ ಚಿತ್ರಗಳು ಜನರನ್ನು ಮುಟ್ಟಿದ ದಾರಿಯೂ ಹೇಳಬೇಕಾದದ್ದೇ. 1940ರಿಂದ ಬರತೊಡಗಿದ ಐದು ನಿಮಿಷದ ಸರಕಾರಿ ಚಿತ್ರಗಳನ್ನು ಪುಕ್ಕಟೆಯಾಗಿ ತೋರಿಸಲು ಚಿತ್ರಮಂದಿರಗಳ ಮಾಲೀಕರ ಸಂಘ ಒಪ್ಪಿಕೊಂಡಿತು. ಚಿತ್ರಮಂದಿರವಿಲ್ಲದ ಹಳ್ಳಿಗಳಿಗೆ ಪ್ರೊಜೆಕ್ಟರು ಹೊತ್ತ ನೂರಕ್ಕೂ ಹೆಚ್ಚು ವ್ಯಾನುಗಳು ಓಡಾಡಿದವು.

ಭಾರತದಲ್ಲಿ ಇದೇ ಬೀಜ ಬೇರೆ ಮಣ್ಣಿಗೆ ಬಿತ್ತು. 1940ರಲ್ಲಿ ಬೊಂಬಾಯಿಯಲ್ಲಿ ಫಿಲ್ಮ್ ಅಡ್ವೈಸರಿ ಬೋರ್ಡ್ ಸ್ಥಾಪನೆಯಾಯಿತು, ಚಿತ್ರೋದ್ಯಮಿ ಜೆ.ಬಿ.ಎಚ್. ವಾಡಿಯಾ ಅದರ ಅಧ್ಯಕ್ಷರಾದರು, ಬ್ರಿಟನ್ನಿನಿಂದ ಅಲೆಕ್ಸಾಂಡರ್ ಶಾ ಎಂಬ ಸಾಕ್ಷ್ಯಚಿತ್ರಕಾರ ಬಂದರು. 1943ರಲ್ಲಿ ಇನ್‌ಫರ್ಮೇಷನ್ ಫಿಲ್ಮ್ಸ್ ಆಫ್ ಇಂಡಿಯಾ ಬಂತು. ಭಾರತ ರಕ್ಷಣಾ ನಿಯಮಗಳ ಬಲದಿಂದ, ಸರಕಾರ ಒಪ್ಪಿದ ಚಿತ್ರಗಳನ್ನು ಪ್ರತಿ ಪ್ರದರ್ಶನದಲ್ಲೂ ತೋರಿಸಲೇಬೇಕೆಂಬ ಕಟ್ಟಳೆ ಅದೇ ವರ್ಷ ಜಾರಿಗೆ ಬಂತು. ತಮ್ಮ ದೇಶದಲ್ಲಿ ಮಾಲೀಕರ ಒಪ್ಪಿಗೆ ಪಡೆದ ಆಳರಸರಿಗೆ ಭಾರತದಲ್ಲಿ ಅಪ್ಪಣೆ ಸಾಕಾಗಿತ್ತು. ಅದು ಬಂಗಾಳದ ಬರಗಾಲದ ವರ್ಷವೂ ಹೌದು. ಆಲೂಗಡ್ಡೆಯನ್ನು ಹೇಗೆಲ್ಲ ಬೇಯಿಸಬಹುದೆಂದು ಬ್ರಿಟನ್ನಿನ ಆಹಾರ ಸಚಿವಾಲಯ ತನ್ನ ಜನಕ್ಕೆ ಕಿರುಚಿತ್ರಗಳಲ್ಲಿ ಪ್ರೀತಿಯಿಂದ ತಿಳಿಹೇಳುತ್ತಿದ್ದಾಗ, ಅದೇ ಸಾಮ್ರಾಜ್ಯದ ಇನ್ನೊಂದು ಮೂಲೆಯಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸಾಯುತ್ತಿದ್ದರು ಮತ್ತು ಆ ಸುದ್ದಿಯನ್ನು ಅದುಮಿಡುವ ಪ್ರಯತ್ನ ನಡೆದಿತ್ತು. ಬ್ರಿಟನ್ನಿನ ವಸ್ತುಸಂಗ್ರಹಾಲಯಗಳಲ್ಲಿ ಆ ಕಿರುಚಿತ್ರಗಳನ್ನು ನೋಡಿ ಮುಗುಳ್ನಗುವಾಗಲೆಲ್ಲ ನನಗೆ ಇದು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಸ್ವಾತಂತ್ರ್ಯ ಬಂದ ಮೇಲೆ ಈ ಕಡ್ಡಾಯವನ್ನು ನಾವು ಕಿತ್ತೊಗೆಯಬಹುದಿತ್ತು. 1946ರಲ್ಲಿ ಹಳೆಯ ಸಂಸ್ಥೆಯನ್ನು ಮುಚ್ಚಿಯೂ ಆಗಿತ್ತು. ಆದರೆ 1948ರಲ್ಲಿ ಫಿಲ್ಮ್ಸ್ ಡಿವಿಷನ್ ಹುಟ್ಟಿದಾಗ ಕಡ್ಡಾಯವೂ ಜೊತೆಗೇ ಮರಳಿತು. ತೋರಿಸುವ ಮಾಲೀಕನೇ ಸರಕಾರಕ್ಕೆ ಬಾಡಿಗೆಯನ್ನೂ ಕಟ್ಟಬೇಕಾಯಿತು. ಆ ಸಂಸ್ಥೆಯಲ್ಲಿ ಪ್ರತಿಭೆಗೆ ಬಡತನವಿರಲಿಲ್ಲ. 1947ರ ಆಗಸ್ಟ್ 15ರಂದು ಹುಟ್ಟಿದ ಯುವಜನರನ್ನು ಮಾತನಾಡಿಸಿ ಎಸ್.ಎನ್.ಎಸ್. ಶಾಸ್ತ್ರಿ 1967ರಲ್ಲಿ ತೆಗೆದ ‘ಐ ಆ್ಯಮ್ ಟ್ವೆಂಟಿ’ ಇಂದಿಗೂ ತಾಜಾ ಆಗಿದೆ. ಆದರೆ ಎದ್ದು ಹೋದವನನ್ನು ಯಾಕೆ ಎದ್ದೆ ಎಂದು ಕೇಳುವವರಿಲ್ಲದ ಮೇಲೆ, ಒಳ್ಳೆಯ ಚಿತ್ರಕ್ಕೂ ಕೆಟ್ಟ ಚಿತ್ರಕ್ಕೂ ಟೆಂಟಿನಲ್ಲಿ ಒಂದೇ ಗತಿ. ನಮ್ಮ ಕಡೆಯ ಜನರ ನಾಲಿಗೆಯಲ್ಲಿ ಉಳಿದದ್ದು ರೀಲಿನ ಮಾತಲ್ಲ, ಕುಟುಂಬ ಯೋಜನೆಯ ಕಾಲದ “ಆರತಿಗೊಬ್ಬ ಮಗಳು, ಕೀರ್ತಿಗೊಬ್ಬ ಮಗ” ಎಂಬ ಮಾತು. ಮಗಳಿಗೇಕೆ ಕೀರ್ತಿ ಬೇಡವೆಂಬ ಪ್ರಶ್ನೆ ನನ್ನ ಮಗಳದು, ನ್ಯಾಯವಾದದ್ದು. ಆದರೂ ಅದನ್ನು ಕಟ್ಟಿದವರಿಗೆ ಮನೆಯೊಳಗಿನ ಮಾತು ಗೊತ್ತಿತ್ತು.

ಬ್ರಿಟಿಷರು ಈ ವಿದ್ಯೆಯನ್ನು ಕೊನೆಯವರೆಗೆ ಉಳಿಸಿಕೊಂಡರೆಂದೇನೂ ನಾನು ಹೇಳುತ್ತಿಲ್ಲ. ಯುದ್ಧಾನಂತರ 1946ರಲ್ಲಿ ಸಚಿವಾಲಯದ ಜಾಗಕ್ಕೆ ಬಂದ ಸೆಂಟ್ರಲ್ ಆಫೀಸ್ ಆಫ್ ಇನ್‌ಫರ್ಮೇಷನ್ ದಶಕಗಳ ಕಾಲ ಇಂಥ ಚಿತ್ರಗಳನ್ನು ಮಾಡಿಸಿ, 2012ರಲ್ಲಿ ಬಾಗಿಲು ಹಾಕಿತು. ಎಂಟು ವರ್ಷದ ನಂತರ ಕೊರೊನಾ ಬಂತು. 2020ರ ಮೇ ತಿಂಗಳಲ್ಲಿ ‘ಮನೆಯಲ್ಲೇ ಇರಿ’ ಎಂಬ ಸ್ಪಷ್ಟ ಮಾತನ್ನು ಬಿಟ್ಟು ‘ಎಚ್ಚರವಾಗಿರಿ’ ಎಂದು ಸರಕಾರ ಹೇಳತೊಡಗಿದಾಗ, ಕಣ್ಣಿಗೆ ಕಾಣದ ವೈರಾಣುವಿನ ಬಗ್ಗೆ ಎಚ್ಚರವಾಗಿರುವುದೆಂದರೆ ಏನು ಮಾಡುವುದು ಎಂದು ನಮ್ಮ ಬೀದಿಯಲ್ಲಿ ಯಾರಿಗೂ ತಿಳಿಯಲಿಲ್ಲ. 1945ರಲ್ಲಿ ಇದೇ ಮ್ಯಾಸಿಂಗ್‌ಹ್ಯಾಮ್ ಸೀನುವವನೊಬ್ಬನನ್ನು ಹಿಡಿದು ನಿಲ್ಲಿಸಿ, ಸೀನು, ಕರವಸ್ತ್ರ, ಸೀನು, ಕರವಸ್ತ್ರ ಎಂದು ಕವಾಯತು ಮಾಡಿಸುವ ಚಿತ್ರ ತೆಗೆದಿದ್ದರು. ಅದನ್ನು ಹಾಗೆಯೇ ಮತ್ತೆ ತೋರಿಸಿದ್ದರೂ ಸಾಕಾಗಿತ್ತು.

ತಿಪಟೂರಿನಲ್ಲಿ ಆ ದಿನಗಳಲ್ಲಿ ಯಾರಿಗೆ ಫೋನು ಮಾಡಿದರೂ ಮೊದಲು ಕೇಳಿಸುತ್ತಿದ್ದುದು ಒಂದು ಕೆಮ್ಮು, ಅದರ ಹಿಂದೆಯೇ ಸರಕಾರದ ಸೂಚನೆ. ಟೆಂಟಿನ ರೀಲಿನಂತೆ ಅದನ್ನೂ ದಾಟಿಯೇ ಹೋಗಬೇಕಿತ್ತು. ಹಾಸನದಲ್ಲಿರುವ ತಂಗಿಗೆ ದಿನವೂ ಫೋನು ಮಾಡುತ್ತಿದ್ದ ಅಮ್ಮ ಒಂದು ದಿನ ನನ್ನೊಡನೆ ಹೇಳಿದರು: “ಅವಳ ದನಿ ಕೇಳೋ ಹೊತ್ತಿಗೆ ಆ ಕೆಮ್ಮು ಕೇಳಿ ಕೇಳಿ ನನಗೇ ಕೆಮ್ಮು ಬಂದಂಗಾಗತ್ತೆ ಕಣಪ್ಪ. ಈಗ ಫೋನು ಹಚ್ಚಿ ಕಿವಿಯಿಂದ ದೂರ ಇಟ್ಕೋತೀನಿ.”