ನಾಯಿ ಬ್ಯಾಂಕು

ಕಳೆದ ವಾರ ಉಡುಪಿಯ ಹೋಟೆಲ್ ಮಾಲೀಕರೊಬ್ಬರು ಲೋಗೊ ಮಾಡಿಸಲು ಬಂದಿದ್ದರು. ಕೃಷ್ಣನ ಕೊಳಲು, ಯಕ್ಷಗಾನದ ಕಿರೀಟ, ತೆಂಗಿನ ಮರ, ಸಮುದ್ರ, ಹಬೆಯಾಡುವ ಇಡ್ಲಿ ಎಲ್ಲವೂ ಬೇಕಂತೆ. "ಒಂದನ್ನೂ ಬಿಡಬೇಡಿ ಮಾರಾಯರೇ, ನಮ್ಮ ಹೋಟೆಲಿನ ವಿಶೇಷ ಜನರಿಗೆ ತಿಳಿಯುವುದು ಹೇಗೆ?" ಎಂದರು. ಬಾಳೆಲೆಗೆ ಹದಿನಾರು ಬಗೆ ಬಡಿಸಬಹುದು, ಬೋರ್ಡಿಗೆ ಆಗದು ಎಂದೆ. ಹಿಡಿಸಲಿಲ್ಲ.

ಅವರ ಲೋಗೊ ಬಿಲ್ಲಿನ ಕಾಗದದಲ್ಲಿ ಬರೀ ಕಪ್ಪಿನಲ್ಲಿ ಬರಬೇಕು, ಮೊಬೈಲಿನಲ್ಲಿ ಕಡಲೆಕಾಳಿನಷ್ಟಾಗಬೇಕು, ಮಂಗಳೂರಿನ ಎಕ್ಸ್‌ಪ್ರೆಸ್ ಬಸ್ಸಿನ ಕಿಟಕಿಯಿಂದ ಕ್ಷಣಾರ್ಧದಲ್ಲಿ ಕಣ್ಣಿಗೆ ಬೀಳಬೇಕು. ಹಳೆಯ ಮನೆಯ ಹಂಚನ್ನು ಮಗುಚಿ ನೋಡಿ, ಕಾರ್ಖಾನೆಯ ಹೆಸರು ಕಾಣುತ್ತದೆ. ಕ್ರೈಸ್ತ ಮಿಷನರಿಗಳ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಮಣ್ಣಿನಲ್ಲಿ ಒತ್ತಿದ ಆ ಹೆಸರಿಗೆ ಬಣ್ಣದ ಹಂಗೇ ಇಲ್ಲ.

ಇನ್ನು ಕನ್ನಡದ ಪಾಡು. ಇಂಗ್ಲಿಷ್ ಹೆಸರಿಗೆ ವಾರಗಟ್ಟಲೆ ಕೂತು ಅಕ್ಷರ ಆರಿಸುತ್ತಾರೆ, ಕನ್ನಡಕ್ಕೆ ಕಂಪ್ಯೂಟರಿನಲ್ಲಿ ಮೊದಲು ಸಿಕ್ಕಿದ ತುಂಗಾ ಫಾಂಟ್ ಸಾಕು. ಸಾಲುಗಳ ನಡುವಿನ ಅಂತರವೂ ಇಂಗ್ಲಿಷಿನದೇ. 'ಶ್ರೀಕೃಷ್ಣ' ಎಂದು ಬರೆದು ನೋಡಿ: ರಕಾರದ ಒತ್ತು, ವಟ್ರಸುಳಿ, ಣಕಾರದ ಒತ್ತು, ಮೂರಕ್ಷರವೂ ಕೆಳಗೆ ಕಾಲು ಚಾಚುತ್ತವೆ. ಜಾಗ ಬಿಡದಿದ್ದರೆ ಆ ಕಾಲು ಕೆಳಗಿನ ಸಾಲಿನ ಗುಡಿಸಿನ ತಲೆಯ ಮೇಲೆ. ಜನ ಕನ್ನಡ ಬೋರ್ಡು ಓದುವುದಿಲ್ಲ ಎಂದು ಆಮೇಲೆ ದೂರುವವರೂ ಇವರೇ.

ಆದರೆ ಅಕ್ಷರವೂ ಬೇಡದ ಗುರುತೊಂದು ನಮ್ಮ ಮನೆಯಲ್ಲೇ ಇತ್ತು. ಅಜ್ಜಿಗೆ ಓದು ಬರುತ್ತಿರಲಿಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕನ್ನು ಅವರು ಗುರುತಿಸುತ್ತಿದ್ದುದು ನಾಯಿಯ ಚಿತ್ರದಿಂದ. 1928ರಲ್ಲಿ ಶುರುವಾದ ಅದರ ಪಿಗ್ಮಿ ಠೇವಣಿಗೆ ದಿನಕ್ಕೆ ಎರಡಾಣೆಯಷ್ಟು ಚಿಲ್ಲರೆಯನ್ನೂ ಮನೆ ಬಾಗಿಲಿಗೆ ಬಂದು ಪಡೆಯುತ್ತಿದ್ದರು. ನಾಯಿಯೆಂದರೆ ನಿಯತ್ತು ಎಂದು ಅಜ್ಜಿಗೆ ಯಾರೂ ವಿವರಿಸಿರಲಿಲ್ಲ. ಆಟಿಯ ಮಳೆಯಲ್ಲೂ ಪಿಗ್ಮಿಯವರು ಕೊಡೆ ಹಿಡಿದು ಅಂಗಳಕ್ಕೆ ಬರುತ್ತಿದ್ದರು, ಅಷ್ಟೇ. ಚಿತ್ರಕ್ಕೆ ಅರ್ಥ ತುಂಬಿದ್ದು ಆ ಒದ್ದೆ ಕೊಡೆ. ಹೋಟೆಲಿನವರಿಗೂ ಇದನ್ನೇ ಹೇಳಿದೆ: ನಿಮ್ಮ ಸಾಂಬಾರು ಹೇಳಬೇಕಾದದ್ದನ್ನು ನನ್ನ ಗೆರೆಯಿಂದ ಹೇಳಿಸಬೇಡಿ. ಗುರುತು ಹಿಡಿಯುವಷ್ಟು ನಾನು ಮಾಡಿಕೊಡುತ್ತೇನೆ. ಯೋಚಿಸಿ ಹೇಳುತ್ತೇನೆ ಎಂದು ಹೋದವರು ಇನ್ನೂ ಬಂದಿಲ್ಲ.

2020ರ ಏಪ್ರಿಲ್‌ನಲ್ಲಿ ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಬೋರ್ಡು ಬದಲಾಗಿದೆ, ಪಾಸ್‌ಬುಕ್ಕೂ ಬದಲಾಗಿದೆ. ನಿನ್ನೆ ಬೆಳಿಗ್ಗೆ ಅಮ್ಮ ಚೀಲ ಹಿಡಿದು ಹೊರಟರು. ಎಲ್ಲಿಗೆ ಎಂದು ಕೇಳಿದರೆ, "ನಾಯಿ ಬ್ಯಾಂಕಿಗೆ."