ಝೀರೋ ಬಿಲ್ ಬಂತು, ಮನೆ ಕಾವು ಇಳೀಲಿಲ್ಲ

ಗೃಹಜ್ಯೋತಿ, ಅಂದ್ರೆ ರಾಜ್ಯ ಸರ್ಕಾರದ ಫ್ರೀ ಕರೆಂಟ್ ಸ್ಕೀಮ್, ಅದರ ವಿಷಯ ಎತ್ತಿದ ಕೂಡ್ಲೇ ನಮ್ಮಲ್ಲಿ ಜನ ಎರಡು ಭಾಗ ಆಗ್ಬಿಡ್ತಾರೆ, ಬಿಟ್ಟಿ ಭಾಗ್ಯ ಅಂತ ಬೈಯೋರು ಒಂದ್ ಕಡೆ, ಏನಾದ್ರೂ ಪ್ರಶ್ನೆ ಕೇಳಿದ್ರೆ ಬಡವರ ಹೊಟ್ಟೆ ಮೇಲೆ ಯಾಕ್ ಹೊಡೀತೀರ ಅನ್ನೋರು ಇನ್ನೊಂದ್ ಕಡೆ. ನಾನು ಸ್ಕೀಮ್ ಪರಾನೇ, ಮೊದಲೇ ಹೇಳಿಬಿಡ್ತೀನಿ. ಗಾರ್ಮೆಂಟ್ಸ್‌ಗೆ ಹೋಗೋ ಹೆಣ್ಮಕ್ಕಳಿಗೆ, ಗಾರೆ ಕೆಲಸದೋರಿಗೆ ತಿಂಗಳಿಗೆ ಮುನ್ನೂರು ನಾನೂರು ಉಳಿಯೋದು ಸಣ್ಣ ವಿಷಯ ಅಲ್ಲ. ಆದ್ರೆ 2023ರ ಜುಲೈಯಿಂದ ನೋಡ್ತಾ ಬಂದಿದೀನಿ, ಸರ್ಕಾರ ಮೀಟರ್ ಬೋರ್ಡ್ ತನಕ ಬಂತು, ಬಾಗಿಲು ದಾಟಿ ಒಳಗೆ ಬರ್ಲೇ ಇಲ್ಲ. ಒಳಗೆ ಅದೇ ಕಾದ ಶೀಟು, ಅದೇ ಹಳೇ ಫ್ಯಾನು, ನೀರು ಕಾಯಿಸೋಕೆ ಬಕೆಟ್‌ಗೆ ಹಾಕೋ ಅದೇ ಕಾಯಿಲ್ಲು.

ಲೆಕ್ಕ ಹೆಂಗಿದೆ ಅಂತ ಒಂದ್ಸಲ ನೋಡಿ. 2022-23ರಲ್ಲಿ ನಿಮ್ಮನೇಲಿ ತಿಂಗಳಿಗೆ ಸರಾಸರಿ ಎಷ್ಟು ಯೂನಿಟ್ ಉರಿಸಿದ್ರಿ ಅನ್ನೋದಕ್ಕೆ 10% ಸೇರಿಸಿ ಅಷ್ಟು ಫ್ರೀ, ಒಟ್ಟು 200 ದಾಟಿದ್ರೆ ಪೂರ್ತಿ ಬಿಲ್ ಕಟ್ಟಬೇಕು. ಅಂದ್ರೆ ಆ ವರ್ಷ 170 ಉರಿಸಿದೋರಿಗೆ 187 ಫ್ರೀ, ಲೈಟ್ ಆಫ್ ಮಾಡಿ ಆಫ್ ಮಾಡಿ 30ಕ್ಕೆ ನಿಲ್ಲಿಸ್ಕೊಂಡಿದ್ದ ಅಜ್ಜಿಗೆ 33. ಆಮೇಲೆ 2024ರಲ್ಲಿ 48 ಯೂನಿಟ್‌ಗಿಂತ ಕಮ್ಮಿ ಬಳಸೋರಿಗೆ 10% ಬದಲು 10 ಯೂನಿಟ್ ಕೊಡ್ತೀವಿ ಅಂತ ಸರಿ ಮಾಡಿದ್ರು, ಒಳ್ಳೇದೇ ಆಯ್ತು, ಅಜ್ಜಿಗೆ 40 ಸಿಗ್ತು. ಆದ್ರೂ ಮೊದಲಿಂದ ಮಿತವಾಗಿ ಬಳಸ್ಕೊಂಡು ಬಂದೋರಿಗೇ ಕಮ್ಮಿ ಸಿಗೋದು ಅನ್ನೋ ಮೂಲ ತಪ್ಪು ಹಾಗೇ ಇದೆ. ಇವತ್ತು ಯಾರಾದ್ರೂ 100 ಯೂನಿಟ್ ಬಳಸ್ತಿದ್ದೋರು 60ಕ್ಕೆ ಇಳಿಸಿದ್ರೆ ಅವರಿಗೆ ಸಿಗೋದು ಏನೂ ಇಲ್ಲ, ಆಗ್ಲೂ ಝೀರೋ ಈಗ್ಲೂ ಝೀರೋ.

ಫ್ಯಾನ್ ವಿಷಯಕ್ಕೇ ಬರ್ತೀನಿ ಯಾಕಂದ್ರೆ ಪ್ರತಿ ಮನೇಲೂ ಇರೋದು ಅದೇ. ಹಳೇ ಸೀಲಿಂಗ್ ಫ್ಯಾನ್ ಸುಮಾರು 75 ವ್ಯಾಟ್ ಎಳೆಯುತ್ತೆ, ಈಗ ಬರ್ತಿರೋ ಬಿಎಲ್‌ಡಿಸಿ ಅನ್ನೋ ಹೊಸ ನಮೂನೆ ಮೋಟಾರಿನ ಫ್ಯಾನ್ 30 ವ್ಯಾಟ್ ಆಸುಪಾಸು. ದಿನಕ್ಕೆ 12 ಗಂಟೆ ತಿರುಗಿದ್ರೆ ತಿಂಗಳಿಗೆ ಒಂದು ಫ್ಯಾನಿಗೆ 16 ಯೂನಿಟ್ ಉಳಿಯುತ್ತೆ, ಯೂನಿಟ್‌ಗೆ 5 ರೂಪಾಯಿ 80 ಪೈಸೆ ಹಿಡಿದ್ರೆ ತೊಂಬತ್ತು ರೂಪಾಯಿ ಮೇಲೆ. ಈಗ ಹೇಳಿ, ಎರಡೂವರೆ ಮೂರು ಸಾವಿರ ಕೊಟ್ಟು ಆ ಫ್ಯಾನ್ ತರೋರು ಯಾರು? ದುಡ್ಡು ಹಾಕೋದು ಮನೆಯೋರು, ಉಳಿತಾಯ ಹೋಗೋದು ಸರ್ಕಾರದ ಸಬ್ಸಿಡಿ ಖಾತೆಗೆ. ಹಾಗಾದ್ರೆ ಫ್ಯಾನ್ ಕೊಡಿಸಬೇಕಾಗಿರೋದು ಉಳಿತಾಯ ಯಾರಿಗೆ ಆಗುತ್ತೋ ಅವರೇ ಅಲ್ವಾ? ವರ್ಷವಿಡೀ ಹಿಂಗೇ ತಿರುಗಿದ್ರೆ ಮೂರು ವರ್ಷದೊಳಗೆ ಸರ್ಕಾರಕ್ಕೆ ಹಾಕಿದ ದುಡ್ಡು ವಾಪಸ್ ಬರುತ್ತೆ. ಗೃಹಜ್ಯೋತಿ ಮನೆಗಳು ಸುಮಾರು 1.6 ಕೋಟಿ, ಮನೆಗೊಂದೇ ಫ್ಯಾನ್ ಅಂತ ಇಟ್ಕೊಳ್ಳಿ, ಚಳಿಗಾಲ ಮಳೆಗಾಲ ಎಲ್ಲ ಕಳೆದು ಉಳಿತಾಯ ಅರ್ಧಕ್ಕರ್ಧ ಹಿಡೀರಿ, ಆಗ್ಲೂ ತಿಂಗಳಿಗೆ 12 ಕೋಟಿ ಯೂನಿಟ್ ಮೇಲೆ ಆಗುತ್ತೆ.

ಇದು ಆಗದ ಮಾತಲ್ಲ, ಎಲ್‌ಇಡಿ ಬಲ್ಬಲ್ಲಿ ನಾವು ಮಾಡಿ ತೋರಿಸಿದೀವಿ. 2014ರಲ್ಲಿ ಸರ್ಕಾರಿ ಖರೀದಿಯಲ್ಲಿ ಒಂದು ಬಲ್ಬ್ 310 ರೂಪಾಯಿ ಇತ್ತು, ಒಟ್ಟಿಗೇ ಕೋಟಿಗಟ್ಟಲೆ ಕೊಂಡಿದ್ದಕ್ಕೆ 2016ರ ಹೊತ್ತಿಗೆ 38ಕ್ಕೆ ಬಂತು. ನಮ್ಮ ರಾಜ್ಯದಲ್ಲಿ ಹೊಸ ಬೆಳಕು ಅಂತ ಹೆಸರಿಟ್ಟು ಎಸ್ಕಾಂ (ಕರೆಂಟ್ ಕಂಪನಿ) ಆಫೀಸುಗಳಲ್ಲಿ ಹಂಚಿದ್ದು ನೆನಪಿದ್ಯಲ್ಲ, ಬಿಲ್ ಕಟ್ಟೋಕೆ ಹೋದೋರು ಬಲ್ಬ್ ಹಿಡ್ಕೊಂಡು ಬರ್ತಿದ್ರು. ಅದೇ ದಾರೀಲಿ ಫ್ಯಾನ್ ಯಾಕಾಗಬಾರದು? ಒಂದು ಮಾತು ಮಾತ್ರ, ಹಳೇ ಫ್ಯಾನ್ ಸುಟ್ರೆ ಮೋಟಾರ್ ವೈಂಡಿಂಗ್ ಅಂಗಡಿಯೋನು ಎರಡು ದಿನದಲ್ಲಿ ಸರಿ ಮಾಡಿ ಕೊಡ್ತಾನೆ, ಬಿಎಲ್‌ಡಿಸಿ ಬೋರ್ಡ್ ಹೋದ್ರೆ ತುಂಬಾ ಊರಲ್ಲಿ ರಿಪೇರಿ ಮಾಡೋರೇ ಸಿಗಲ್ಲ. ಹಂಚೋದಾದ್ರೆ ತಾಲ್ಲೂಕಿಗೆ ನಾಲ್ಕು ಜನ ಐಟಿಐ ಹುಡುಗರಿಗೆ ಆ ರಿಪೇರಿ ಕಲಿಸೋದೂ ಸ್ಕೀಮ್ ಒಳಗೇ ಬರಬೇಕು.

ಫ್ಯಾನಿಗಿಂತ ನನಗೆ ಹೆಚ್ಚು ಕಾಡೋದು ತಾರಸಿ. ನಮ್ಮಕ್ಕ ರಾಯಚೂರಲ್ಲಿ ಇರೋದು, ಬೇಸಿಗೇಲಿ ಅವರ ಮನೇಲಿ ರಾತ್ರಿ ಹನ್ನೊಂದಾದ್ರೂ ಸೀಲಿಂಗ್ ಕೆಳಗೆ ಕೂತ್ರೆ ಮೇಲಿಂದ ಶಾಖ ಇಳೀತಾನೇ ಇರುತ್ತೆ, ಹಗಲೆಲ್ಲ ಕುಡಿದ ಬಿಸಿಲನ್ನ ಆರ್‌ಸಿಸಿ ಸ್ಲ್ಯಾಬ್ ಬಿಡೋದೇ ರಾತ್ರಿ. ಫ್ಯಾನು ಅದೇ ಬಿಸಿ ಗಾಳೀನ ತಿರುಗಿಸುತ್ತೆ. ಮೊದಲು ಆ ಕಡೆ ಮಣ್ಣಿನ ಮಾಳಿಗೆ ಮನೆ ಇರ್ತಿತ್ತು, ದಪ್ಪ ಗೋಡೆ, ಬಿಸಿಲು ಒಳಗೆ ಬರೋದ್ರೊಳಗೆ ಸಂಜೆ ಆಗೋದು. ಈಗ ಕಟ್ತಿರೋದೆಲ್ಲ ಬೆಂಗಳೂರಿನ ಪ್ಲಾನ್, ಕಲಬುರಗಿಗೂ ಅದೇ ಯಾದಗಿರಿಗೂ ಅದೇ. ಆ ರಾತ್ರಿ ಹೊತ್ತಿನ ಕರೆಂಟ್ ಎಲ್ಲಿಂದ ಬರುತ್ತೆ ಅಂತ ಯೋಚನೆ ಮಾಡಿ, ಪಾವಗಡದ ಸೋಲಾರ್ ಪಾರ್ಕಲ್ಲಿ ಸೂರ್ಯ ಮುಳುಗಿ ಆಗಿರುತ್ತೆ, ರಾಯಚೂರಿನ 1,720 ಮೆಗಾವ್ಯಾಟ್, ಬಳ್ಳಾರಿಯ 1,700, ಯರಮರಸ್‌ನ 1,600, ಎಲ್ಲಾ ಕಲ್ಲಿದ್ದಲು, ರಾತ್ರಿ ಭಾರದ ದೊಡ್ಡ ಪಾಲು ಅವೇ ಹೊರಬೇಕು. ಆ ಬೂದಿ ಬೀಳೋದೂ ಅಲ್ಲಿನವರ ಮನೆ ಮೇಲೇ, ಸೆಕೆ ಅನುಭವಿಸೋದೂ ಅವರೇ. ಹೊಳೆ ದಾಟಿದ್ರೆ ತೆಲಂಗಾಣ, ಅಲ್ಲಿ 2023ರಲ್ಲೇ ಕೂಲ್ ರೂಫ್ ಪಾಲಿಸಿ ತಂದ್ರು, 2028ರ ತನಕದ್ದು, ಸರ್ಕಾರಿ ಕಟ್ಟಡಗಳಿಗೆ, 600 ಚದರ ಗಜಕ್ಕಿಂತ ದೊಡ್ಡ ಸೈಟಿನ ಮನೆಗಳಿಗೆ ಕಡ್ಡಾಯ. ಬಿಸಿಲನ್ನ ವಾಪಸ್ ಎಸೆಯೋ ಬಿಳಿ ಬಣ್ಣ ಅಥವಾ ಬಿಳಿ ಟೈಲ್ಸ್, ಅಷ್ಟೇ ಕೆಲಸ. ಇದಕ್ಕೆ ದೊಡ್ಡ ಯೋಜನೆ ಏನೂ ಬೇಕಾಗಿಲ್ಲ, ಕಟ್ಟಡ ಲೈಸೆನ್ಸ್ ಕೊಡೋದು ನಗರಸಭೆ, ಗ್ರಾಮ ಪಂಚಾಯ್ತಿ, ಆ ಲೈಸೆನ್ಸಲ್ಲಿ, ಮತ್ತೆ ವಸತಿ ಯೋಜನೆ ಮನೆಗೆ ಕೊನೇ ಕಂತು ಬಿಡುಗಡೆ ಮಾಡುವಾಗ ತಾರಸಿಗೆ ಬಿಳಿ ಹೊಡೆಸಿ ಅಂತ ಒಂದು ಸಾಲು, ಅದಕ್ಕೆ ಸ್ವಲ್ಪ ದುಡ್ಡು, ಸಾಕು.

ಇಂಥ ಒಂದು ಸಣ್ಣ ರೂಲ್‌ಗೆ ಎಷ್ಟು ಶಕ್ತಿ ಇದೆ ಅಂತ ಗೊತ್ತಾಗಬೇಕಾದ್ರೆ ಬೆಂಗಳೂರಿನ ಯಾವುದಾದ್ರೂ ಫ್ಲೈಓವರ್ ಮೇಲಿಂದ ಸುತ್ತ ನೋಡಿ, ತಾರಸಿ ತಾರಸಿಗೂ ಸೋಲಾರ್ ವಾಟರ್ ಹೀಟರ್. 2007ರಲ್ಲಿ ಹೊಸ ಮನೆಗೆ ಕಡ್ಡಾಯ ಮಾಡಿದ್ರು, ಹೀಟರ್ ಇಲ್ಲಾಂದ್ರೆ ಕರೆಂಟ್ ಕನೆಕ್ಷನ್ ಇಲ್ಲ ಅಂದ್ರು, ಆಯ್ತು. ಬಿಲ್ಲಲ್ಲಿ ತಿಂಗಳಿಗೆ ಹೆಚ್ಚಂದ್ರೆ 50 ರೂಪಾಯಿ ರಿಯಾಯಿತಿ ಅಷ್ಟೇ ಕೊಟ್ಟಿದ್ದು.

ಈಗ ತಾರಸಿ ಮೇಲಿನ ಕರೆಂಟ್ ವಿಷಯ. ಮನೆ ತಾರಸಿ ಮೇಲೆ ಸೋಲಾರ್ ಹಾಕಿಸೋಕೆ ಕೇಂದ್ರದ ಸೂರ್ಯ ಘರ್ ಸ್ಕೀಮ್ 2024ರಲ್ಲಿ ಬಂತು, 1 ಕಿಲೋವ್ಯಾಟ್‌ಗೆ 30,000, 2ಕ್ಕೆ 60,000, 3 ಮತ್ತು ಅದಕ್ಕಿಂತ ಮೇಲೆ 78,000 ಸಬ್ಸಿಡಿ. ಗುಜರಾತ್ ಮುಂದೆ ಹೋಯ್ತು, ನಾವು ಹಿಂದೆ ಬಿದ್ವಿ, ಬಿಸಿಲು ಕಮ್ಮಿ ಇದ್ದು ಅಲ್ಲ. ಬಿಲ್ಲೇ ಝೀರೋ ಇರೋವಾಗ ಸಾಲ ಮಾಡಿ ಪ್ಯಾನೆಲ್ ಹಾಕಿಸ್ಕೊಳ್ಳೋರು ಯಾರು, ನಾನಾಗಿದ್ರೂ ಹಾಕಿಸ್ತಿರ್ಲಿಲ್ಲ. ಆದ್ರೆ ಸರ್ಕಾರದ ಕಡೆಯಿಂದ ಲೆಕ್ಕ ಮಾಡಿ. 2025-26ರ ಬಜೆಟ್‌ನಲ್ಲಿ ಗೃಹಜ್ಯೋತಿಗೆ 10,100 ಕೋಟಿ, ಮನೆಗೆ ವರ್ಷಕ್ಕೆ ಆರು ಸಾವಿರ ಚಿಲ್ಲರೆ. 1 ಕಿಲೋವ್ಯಾಟ್ ಪ್ಯಾನೆಲ್‌ಗೆ ಎಲ್ಲಾ ಸೇರಿ ಅರವತ್ತು ಎಪ್ಪತ್ತು ಸಾವಿರ ಅಂದ್ಕೊಳ್ಳಿ, ಕೇಂದ್ರದ 30,000 ಕಳೆದು ಮಿಕ್ಕಿದ್ದನ್ನ ರಾಜ್ಯ ಹಾಕಿದ್ರೆ ಐದಾರು ವರ್ಷದ ಗೃಹಜ್ಯೋತಿ ದುಡ್ಡು ಆಯ್ತು. ತಿಂಗಳಿಗೆ ನೂರು ಯೂನಿಟ್ ಮೇಲೆ ಬರುತ್ತೆ, ಪ್ಯಾನೆಲ್ ಇಪ್ಪತ್ತೈದು ವರ್ಷ ಬಾಳುತ್ತೆ. ಸರ್ಕಾರ ಬದಲಾದ್ರೂ ಆ ಮನೆಯ ಫ್ರೀ ಕರೆಂಟ್‌ನ ಯಾರೂ ಕಿತ್ಕೊಳ್ಳೋಕೆ ಆಗಲ್ಲ. ರಾಜಸ್ಥಾನ ಇದನ್ನೇ ಮಾಡೋಕೆ ಹೊರಟಿದೆ, 100 ಯೂನಿಟ್ ಫ್ರೀ ಇದ್ದ ಮನೆಗೆ 1.1 ಕಿಲೋವ್ಯಾಟ್ ಪ್ಯಾನೆಲ್ ಹಾಕಿಸಿ 150 ಯೂನಿಟ್ ಫ್ರೀ, ಕೇಂದ್ರದ ಸಬ್ಸಿಡಿ ಮೇಲೆ 17,000 ರಾಜ್ಯದ್ದು.

ಹಾಕಿಸೋಕೆ ಹೋದ್ರೆ ಇರೋ ತಾಪತ್ರಯಗಳೂ ಹೇಳ್ಬೇಕು. ಹಳ್ಳಿ ಕಡೆ ಎಷ್ಟೋ ಮನೆಯ ಕರೆಂಟ್ ಮೀಟರಿನ ಆರ್.ಆರ್. ನಂಬರ್ ಇವತ್ತಿಗೂ ತೀರಿಕೊಂಡ ತಾತನ ಹೆಸರಲ್ಲೇ ಇರುತ್ತೆ, ಅರ್ಜಿ ಹಾಕೋನ ಹೆಸರು ಬೇರೆ, ಖಾತೆ ಭಾಗ ಆಗಿರಲ್ಲ, ಅಲ್ಲಿಗೇ ನಿಲ್ಲುತ್ತೆ. ತೀರಿಕೊಂಡೋರ ಖಾತೆ ವಾರಸುದಾರರ ಹೆಸರಿಗೆ ಮಾಡಿಕೊಡೋ ಪೌತಿ ಖಾತೆ ಅದಾಲತ್ ಮಾಡ್ತಾರಲ್ಲ, ಅದೇ ದಿನ ಅದೇ ಜಾಗದಲ್ಲಿ ಎಸ್ಕಾಂನೋರು ಕೂತು ಮೀಟರ್ ಹೆಸರೂ ಬದಲಾಯಿಸಿ ಕೊಟ್ರೆ ಅರ್ಧ ತಲೆನೋವು ಹೋಗುತ್ತೆ. ಇನ್ನೊಂದು, ಬ್ಯಾಟರಿ ಇಲ್ಲದ ಸೋಲಾರ್ ಲೈನಲ್ಲಿ ಕರೆಂಟ್ ಹೋದ್ರೆ ತಾನೂ ಆಫ್ ಆಗುತ್ತೆ, ಲೈನ್‌ಮನ್ ಜೀವಕ್ಕೆ ಅಪಾಯ ಆಗ್ಬಾರ್ದು ಅಂತ ಹಾಗೆ ಮಾಡಿರೋದು, ಇದನ್ನ ಮಾರೋರು ಮುಂಚೇನೇ ಹೇಳಲ್ಲ, ಆಮೇಲೆ ಜನ ಮೋಸ ಆಯ್ತು ಅಂತಾರೆ.

ಪಾವಗಡದ ಬಗ್ಗೆ ನನಗೆ ಹೆಮ್ಮೆ ಇದೆ, ಬರಗಾಲದ ತಾಲ್ಲೂಕಲ್ಲಿ 13,000 ಎಕರೆ, 2,050 ಮೆಗಾವ್ಯಾಟ್, ರೈತರ ಜಮೀನು ಕಿತ್ಕೊಳ್ದೇ ಎಕರೆಗೆ ವರ್ಷಕ್ಕೆ 21,000ದಿಂದ ಶುರು ಮಾಡಿ ಗುತ್ತಿಗೆಗೆ ತಗೊಂಡಿದ್ದು ದೇಶಕ್ಕೇ ಮಾದರಿ. ಆದ್ರೆ ಗುತ್ತಿಗೆ ಬಂದಿದ್ದು ಜಮೀನು ಇದ್ದೋರಿಗೆ, ಆ ಹೊಲಗಳಲ್ಲಿ ಕೂಲಿ ಮಾಡ್ತಿದ್ದೋರಿಗೆ ಕೆಲಸ ಹೋಯ್ತು. ಮನೆ ಮೇಲಿನ ಸೋಲಾರ್‌ನಲ್ಲೂ ಇದೇ ಆಗೋ ಭಯ ನನಗೆ, ತಾರಸಿ ಇದ್ದೋರಿಗೆ ಎಲ್ಲಾ, ಬಾಡಿಗೆ ಮನೆಯೋರಿಗೆ ಏನೂ ಇಲ್ಲ. ಬಾಡಿಗೆದಾರ ಓನರ್ ತಾರಸಿ ಮುಟ್ಟೋ ಹಾಗಿಲ್ಲ, ಓನರ್‌ಗೆ ಹಾಕಿಸಿ ಲಾಭ ಇಲ್ಲ. ದೆಹಲೀಲಿ 2019ರಲ್ಲೇ ವರ್ಚುವಲ್ ನೆಟ್ ಮೀಟರಿಂಗ್‌ಗೆ ದಾರಿ ಮಾಡಿದ್ರು, ಎಲ್ಲೋ ಒಂದು ಕಡೆ ಪ್ಯಾನೆಲ್, ಅದರಲ್ಲಿ ನಿಮ್ಮದೊಂದು ಪಾಲು, ಆ ಯೂನಿಟ್ ನಿಮ್ಮ ಬಿಲ್ಲಲ್ಲಿ ಕಳೀತಾರೆ. ನಮ್ಮ ಸರ್ಕಾರಿ ಶಾಲೆ, ಬಸ್ ಡಿಪೋ, ಎಪಿಎಂಸಿ ಗೋಡೌನ್ ತಾರಸಿಗಳು ಎಷ್ಟಿಲ್ಲ? ಬಾಡಿಗೆ ಮನೆಯ ಗೃಹಜ್ಯೋತಿ ಕುಟುಂಬಗಳಿಗೆ ಅಲ್ಲಿ ಪಾಲು ಕೊಡ್ಲಿ, ಮನೆ ಬದಲಾಯಿಸಿದ್ರೂ ಪಾಲು ಜೊತೇಲೇ ಬರ್ಲಿ.

ಕರೆಂಟ್ ರೇಟ್ ನಿಗದಿ ಮಾಡೋ ಮುಂಚೆ ಕೆಇಆರ್‌ಸಿ, ಅಂದ್ರೆ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ, ಸಾರ್ವಜನಿಕ ವಿಚಾರಣೆ ಮಾಡುತ್ತೆ, ಯಾರು ಬೇಕಾದ್ರೂ ಆಕ್ಷೇಪಣೆ ಬರೆದು ಕೊಡಬಹುದು. ಕೈಗಾರಿಕೆ ಸಂಘದೋರು, ಹೋಟೆಲ್‌ನೋರು, ರೈತ ಸಂಘದೋರು ಹೋಗಿ ಮಾತಾಡ್ತಾರೆ, ಶೀಟ್ ಮನೇಲಿ ಬಾಡಿಗೆ ಇರೋರ ಪರವಾಗಿಯೂ ಅಲ್ಲಿ ಯಾರಾದ್ರೂ ಎದ್ದು ನಿಲ್ಲಬೇಕು. ಮಹಿಳಾ ಸಂಘದೋರು, ಗಾರ್ಮೆಂಟ್ಸ್ ಯೂನಿಯನ್‌ನೋರು ಯಾರಾದ್ರೂ ಮುಂದೆ ಬಂದ್ರೆ ಫ್ಯಾನು, ತಾರಸಿ, ಪ್ಯಾನೆಲ್ ಪಾಲು ಈ ಮೂರೂ ಸೇರಿಸಿ ಕನ್ನಡದಲ್ಲಿ ಅರ್ಜಿ ಬರೆದುಕೊಡೋಕೆ ನಾನು ರೆಡಿ ಇದೀನಿ, ಇನ್‌ಬಾಕ್ಸ್ ಮಾಡಿ.